ರದ್ದಿಯಲ್ಲಿ ಸಿಕ್ಕ ಪತ್ರ: ಕಾಗದ ನಿಮ್ಮದು, ಮಾತು ಯಾರದು?

ತಾರಿಹಾಳದಿಂದ ಮಾತಾಡ್ತಿದ್ದೀನಿ. ಹಿಂದೆ ಫ್ಯಾಕ್ಟರಿ ಸದ್ದು ಕೇಳಿಸಿದ್ರೆ ಸ್ವಲ್ಪ ಸಹಿಸ್ಕೊಳ್ರಿ. ಬಿ.ಕಾಂ ಓದಿದವನು ನಾನು, ಹಾಗಾಗಿ ಇವತ್ತು ಲೆಕ್ಕದ ಪ್ರಶ್ನೆಯಿಂದಲೇ ಶುರು. ಒಂದು ಹಳೇ ಇನ್‌ಲ್ಯಾಂಡ್ ಪತ್ರಕ್ಕೆ ಮಾಲೀಕರು ಎಷ್ಟು ಮಂದಿ?

ಪ್ರಶ್ನೆ ಹುಟ್ಟಿದ್ದು ಒಬ್ಬ ಕೇಳುಗರಿಂದ. ಅವರು ಅಂಚೆಚೀಟಿ ಸಂಗ್ರಹಿಸ್ತಾರೆ. ರದ್ದಿ ವ್ಯಾಪಾರಿಯ ಹತ್ತಿರ ತೂಕದ ಲೆಕ್ಕದಲ್ಲಿ ಒಂದು ಕಟ್ಟು ಕೊಂಡಿದ್ದಾರೆ. ಎಲ್ಲ 1970ರ ದಶಕದ್ದು. ಅದರಲ್ಲಿ ಒಬ್ಬ ಹೆಣ್ಣುಮಗಳು ತವರಿಗೆ ಬರೆದ ಪತ್ರಗಳೇ ಹದಿನಾಲ್ಕು. "ಓದಿದ್ರ ಕಣ್ಣಾಗ ನೀರು ಬರ್ತಾವ, ನಿಮ್ಮ ಶೋದಾಗ ಓದ್ರಿ" ಅಂತ ವಾಯ್ಸ್ ನೋಟ್ ಕಳಿಸಿದ್ರು. ಫೋಟೋ ಕಳಿಸಬೇಡ್ರಿ, ಮೊದಲು ಯೋಚನೆ ಮಾಡೋಣ ಅಂದೆ. ಆ ಯೋಚನೆಯೇ ಈ ಎಪಿಸೋಡ್.

ಒಂದು ಮಾತು ಮೊದಲೇ ಹೇಳಿಬಿಡ್ತೀನಿ. ಸಂಗ್ರಹಕಾರರು ಇಣುಕಿ ನೋಡೋ ಜನ ಅಲ್ಲ. ಅವರಿಗೆ ಬೇಕಾದದ್ದು ಚೀಟಿ, ಅಂಚೆ ಮುದ್ರೆ, ಊರಿನ ಹೆಸರು, ತಾರೀಖು. ಲಕೋಟೆಯಾದರೆ ಒಳಗಿನ ಪತ್ರ ಬಿಟ್ಟು ಲಕೋಟೆ ಮಾತ್ರ ಇಟ್ಕೋಬಹುದು. ಆದರೆ 1950ರಲ್ಲಿ ಬಂದ ಇನ್‌ಲ್ಯಾಂಡ್ ಪತ್ರ ಒಂದೇ ಹಾಳೆ. ಹೊರಗೆ ಚೀಟಿ, ಒಳಗೆ ಮಾತು. ಚೀಟಿ ಬೇಕಂದ್ರೆ ಒಬ್ಬರ ಮನಸ್ಸೂ ಜೊತೆಗೇ ಬರುತ್ತದೆ.

"ಆಗೆಲ್ಲ ಎಲ್ಲಿ ಪ್ರೈವಸಿ ಇತ್ತು? ಪೋಸ್ಟ್‌ಮನ್ನೇ ಪತ್ರ ಓದಿ ಹೇಳ್ತಿದ್ದ" ಅಂತ ಕೆಲವರು ಹೇಳ್ತಾರೆ. ನಿಜ, ಓದು ಬಾರದವರಿಗೆ ಹೇಳ್ತಿದ್ದ. ಆದರೆ ಓದಿಸಿಕೊಳ್ಳೋರು ತಾವೇ ಕೇಳಿ ಓದಿಸ್ತಿದ್ದರು. ಬಂದ ಪತ್ರಗಳನ್ನ ತಂತಿಗೆ ಚುಚ್ಚಿ ಗೋಡೆಗೆ ನೇತುಹಾಕ್ತಿದ್ದರು. ಅದು ಮನೆಯವರ ಕಣ್ಣಿಗೆ ಮಾತ್ರ. ಸಾವಿನ ಸುದ್ದಿಯ ಕಾರ್ಡನ್ನ ಓದಿದ ಕೂಡಲೇ ಹರಿದು ಹಾಕೋ ರೂಢಿ ಇತ್ತು. ಇನ್ನೊಂದು ಗಮನಿಸ್ರಿ: 1879ರಿಂದಲೇ ನಮ್ಮಲ್ಲಿ ಕಾರ್ಡು ಇತ್ತು, ಅದು ಅಗ್ಗ, ದಾರಿಯಲ್ಲಿ ಯಾರು ಬೇಕಾದರೂ ಓದಬಹುದು. ಹಾಗಿದ್ದೂ ಒಬ್ಬರು ಹೆಚ್ಚು ಕಾಸು ಕೊಟ್ಟು ಇನ್‌ಲ್ಯಾಂಡ್ ತಂದು, ಮೂರು ಕಡೆ ಅಂಟಿಸಿ ಕಳಿಸಿದ್ದಾರೆ ಅಂದ್ರೆ, ಬೇರೆಯವರು ಓದಬಾರದು ಅಂತಲೇ ಅಲ್ಲೇನ್ರಿ?

ಈಗ ಕಾನೂನು. 1741ರಲ್ಲಿ ಇಂಗ್ಲೆಂಡಿನಲ್ಲಿ ಕವಿ ಅಲೆಕ್ಸಾಂಡರ್ ಪೋಪ್, ತನ್ನ ಪತ್ರಗಳನ್ನ ಅಚ್ಚು ಹಾಕಿದ ಪ್ರಕಾಶಕ ಎಡ್ಮಂಡ್ ಕರ್ಲ್ ಮೇಲೆ ಕೇಸ್ ಹಾಕಿದ. ಪತ್ರ ಪಡೆದವರಿಗೆ ಹೆಚ್ಚೆಂದರೆ ಕಾಗದದ ಮೇಲೆ ಹಕ್ಕು, ಪ್ರಕಟಿಸೋ ಹಕ್ಕು ಬರೆದವರದ್ದೇ ಅಂತ ಕೋರ್ಟು ಹೇಳಿತು. ನಮ್ಮ 1957ರ ಕೃತಿಸ್ವಾಮ್ಯ ಕಾಯ್ದೆಯ ದಾರಿಯೂ ಇದೇ. ರದ್ದಿ ಅಂಗಡಿಯ ಬಿಲ್ಲು ಕಾಗದಕ್ಕೆ ಮಾತ್ರ. ಮಾತಿನ ಹಕ್ಕು ಬರೆದವರದ್ದು, ಅವರ ನಂತರ ವಾರಸುದಾರರದ್ದು. ಸಾಮಾನ್ಯವಾಗಿ ಬರೆದವರು ತೀರಿದ ಮುಂದಿನ ವರ್ಷದಿಂದ 60 ವರ್ಷ. ಆದರೆ ಬದುಕಿದ್ದಾಗ ಪ್ರಕಟವೇ ಆಗದ ಬರಹಕ್ಕೆ, ಮೊದಲ ಸಲ ಪ್ರಕಟವಾದ ಮುಂದಿನ ವರ್ಷದಿಂದ 60. ಅಂದ್ರೆ ಪೆಟ್ಟಿಗೆಯಲ್ಲೇ ಉಳಿದ ಪತ್ರಕ್ಕೆ ಗಡಿಯಾರ ಇನ್ನೂ ಶುರುವೇ ಆಗಿಲ್ಲ.

ಖಾಸಗಿತನದ ಲೆಕ್ಕ ಬೇರೆ. 2017ರಲ್ಲಿ ಸುಪ್ರೀಂ ಕೋರ್ಟಿನ 9 ನ್ಯಾಯಮೂರ್ತಿಗಳ ಪೀಠ ಅದನ್ನ ಮೂಲಭೂತ ಹಕ್ಕು ಅಂತ ಸಾರಿತು. ಕೇಸ್ ಹಾಕಿದ್ದವರು ನಮ್ಮ ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. ಆದರೆ 2023ರಲ್ಲಿ ದೆಹಲಿ ಹೈಕೋರ್ಟು, ನಟ ಸುಶಾಂತ್ ಸಿಂಗ್ ರಜಪೂತ್ ಕುರಿತ ಸಿನಿಮಾ ಕೇಸಿನಲ್ಲಿ, ಈ ಹಕ್ಕು ವ್ಯಕ್ತಿಯ ಜೊತೆಗೇ ಮುಗಿಯುತ್ತದೆ, ವಾರಸುದಾರರಿಗೆ ಹೋಗಲ್ಲ ಅಂದಿತು. ಅಂದ್ರೆ ಮಾತು ಆಸ್ತಿ, ಅದು ಮಕ್ಕಳಿಗೆ ಬರುತ್ತದೆ. ಮಾನ ಆಸ್ತಿ ಅಲ್ಲ, ಅದು ಬರಲ್ಲ. ಕಾನೂನು ಬಿಟ್ಟಿರೋ ಈ ಜಾಗದಲ್ಲಿ ನಾವೇ ಯೋಚನೆ ಮಾಡ್ಬೇಕು.

"ಹಾಗಾದ್ರೆ ಇತಿಹಾಸ ಬರೆಯೋದು ಹೆಂಗ?" ಒಳ್ಳೇ ಪ್ರಶ್ನೆ. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದಾಗ ಟಿಪ್ಪು ಸುಲ್ತಾನನ ಮಲಗುವ ಕೋಣೆಯಲ್ಲಿ ಒಂದು ಪುಸ್ತಕ ಸಿಕ್ಕಿತು. ತನ್ನ ಕನಸುಗಳನ್ನ ಅವನೇ ಕೈಯಾರೆ ಬರೆದಿಟ್ಟಿದ್ದ. ಯಾರಾದರೂ ಹತ್ತಿರ ಬಂದರೆ ಅದನ್ನ ಮರೆಮಾಡ್ತಿದ್ದ ಅಂತ ಅವನ ಮುನ್ಷಿಯೇ ಹೇಳಿದ್ದ. ಅದು ಲಂಡನ್ನಿಗೆ ಹೋಯಿತು, ಈಗ ಬ್ರಿಟಿಷ್ ಲೈಬ್ರರಿಯಲ್ಲಿದೆ. ಅವನ ಪತ್ರಗಳನ್ನ ಆರಿಸಿ, ಇಂಗ್ಲಿಷಿಗೆ ತಂದು, 1811ರಲ್ಲಿ ಪ್ರಕಟಿಸಿದವನು ವಿಲಿಯಂ ಕರ್ಕ್‌ಪ್ಯಾಟ್ರಿಕ್, ಗೆದ್ದ ಕಂಪನಿಯ ಅಧಿಕಾರಿ. ಮುಂದೆ ನಮ್ಮ ಧಾರವಾಡದಲ್ಲಿ ಓದಿ ಬೆಳೆದ ಗಿರೀಶ ಕಾರ್ನಾಡರು ಆ ಕನಸುಗಳ ಮೇಲೆ ಬಿಬಿಸಿ ರೇಡಿಯೊಗೆ ನಾಟಕ ಬರೆದರು. ಆ ಪುಸ್ತಕ ಸಿಗದೇ ಇದ್ದಿದ್ದರೆ ಆ ನಾಟಕ ಇಲ್ಲ. ರಾಜನೊಬ್ಬನ ಭಯ, ಆಸೆ ನಾಡಿನ ಹಣೆಬರಹಕ್ಕೆ ಸಂಬಂಧಪಟ್ಟದ್ದು, ಅದನ್ನ ಓದೋದಕ್ಕೆ ಕಾರಣ ಇದೆ. ಆದರೂ ಯಾವುದನ್ನ ಆರಿಸೋದು, ಯಾವುದನ್ನ ಬಿಡೋದು ಅನ್ನೋದು ಗೆದ್ದವರ ಕೈಯಲ್ಲಿತ್ತು ಅನ್ನೋದನ್ನ ಮರೀಬಾರದು.

ಈಗ ಆ ಹದಿನಾಲ್ಕು ಪತ್ರಗಳಿಗೆ ಬರೋಣ. ಬರೆದವರು ರಾಣಿಯಲ್ಲ, ಯಾರ ಹಣೆಬರಹವೂ ಅವರ ಕೈಯಲ್ಲಿರಲಿಲ್ಲ. ಹಾಗಂತ ಅವು ಬೆಲೆಯಿಲ್ಲದವಲ್ಲ. ಅಂಥ ಹೆಣ್ಣುಮಕ್ಕಳ ಬದುಕು ದಾಖಲಾಗಿರೋದೇ ಇಂಥ ಕಡೆ. ಆದರೆ ಸಣ್ಣ ಲೆಕ್ಕ ಮಾಡ್ರಿ: 1975ರಲ್ಲಿ ಇಪ್ಪತ್ತರ ಸೊಸೆ ಈಗ ಎಪ್ಪತ್ತರ ಅಜ್ಜಿ. ಪತ್ರ ಹಳೇದು ಅಂತೀವಿ, ಬರೆದವರು ಬಹುಶಃ ಇವತ್ತೂ ವಾಟ್ಸಾಪ್‌ನಲ್ಲಿದ್ದಾರೆ. ಅತ್ತೆ ಮನೆಯ ಬಗ್ಗೆ ಅವರು ಬರೆದದ್ದನ್ನ ನಾನು ಮೈಕ್‌ನಲ್ಲಿ ಓದಿದ್ರೆ, ಅದೇ ಓಣಿಯಲ್ಲಿ, ಅದೇ ಮನೆಯಲ್ಲಿ, ಅವರ ಮೊಮ್ಮಕ್ಕಳೇ ಕೇಳಬಹುದು. ಹೆಸರು ತೆಗೆದರೆ ಸಾಕಾ? ಊರು, ಮದುವೆ ವರ್ಷ, ನಾದಿನಿಯ ಕಾಯಿಲೆ, ಇಷ್ಟರಲ್ಲೇ ನಮ್ಮ ಕಡೆ ಜನ ಗುರುತು ಹಿಡಿದುಬಿಡ್ತಾರೆ.

ಹಾಗಾಗಿ ನಾನು ಅವನ್ನ ಓದಲ್ಲ ಅಂತ ಹೇಳಿದೆ. ಸುಡಬೇಡಿ ಅಂತಲೂ ಹೇಳಿದೆ. ತವರಿನ ವಿಳಾಸ ಪತ್ರದ ಮೇಲೇ ಇದೆಯಲ್ಲ, ಅಲ್ಲಿಗೆ ಒಂದು ಪತ್ರ ಬರೀರಿ. ಒಳಗೇನಿದೆ ಅಂತ ಬರೀಬೇಡ್ರಿ. "ನಿಮ್ಮ ಮನೆಗೆ ಬಂದಿದ್ದ ಹಳೇ ಪತ್ರಗಳು ನನ್ನ ಹತ್ತಿರ ಇವೆ, ಬರೆದವರನ್ನೇ ಕೇಳಬೇಕಿತ್ತು" ಅಂತ ಅಷ್ಟೇ. ಗಂಡನ ಮನೆಯ ವಿಳಾಸಕ್ಕೆ ಮಾತ್ರ ಬೇಡ. ಅವರು ಬೇಕು ಅಂದ್ರೆ ಪತ್ರ ವಾಪಸ್ ಕೊಡೋದು. ಓದಿ ಅಂದ್ರೆ ಓದೋದು. ಯಾರೂ ಸಿಗದಿದ್ರೆ, ಇಷ್ಟು ವರ್ಷ ತೆರೆಯಬಾರದು ಅನ್ನೋ ಷರತ್ತು ಒಪ್ಪೋ ಸಂಗ್ರಹಾಲಯಕ್ಕೆ ಕೊಡೋದು. ಅಲ್ಲಿವರೆಗೆ ಹೊರಗಿನ ಮುದ್ರೆ, ಚೀಟಿಯ ಫೋಟೋ ಹಾಕ್ರಿ, ವಿಳಾಸ ಮುಚ್ಚಿ.

ಅವರಿಗೆ ಸ್ವಲ್ಪ ಬೇಜಾರಾಯಿತು. "ಕಷ್ಟಪಟ್ಟು ಹುಡುಕಿದ್ದು ನಾನಲ್ರೀ" ಅಂದ್ರು. ಹೌದು, ಹುಡುಕಿದ್ದು ಅವರೇ. ಇಲ್ಲದಿದ್ರೆ ಆ ಪತ್ರಗಳು ಯಾವುದೋ ಅಂಗಡಿಯಲ್ಲಿ ಪೊಟ್ಟಣ ಕಟ್ಟೋಕೆ ಹೋಗ್ತಿದ್ದವು. ಅದಕ್ಕೇ ಆ ಮನೆಯ ಬಾಗಿಲು ತಟ್ಟೋ ಹಕ್ಕೂ ಅವರಿಗೇ ಮೊದಲು.

ನಿಮ್ಮ ಮನೆ ಅಟ್ಟದ ಮೇಲೂ ಇಂಥ ಕಟ್ಟು ಇದ್ರೆ ರದ್ದಿಗೆ ಹಾಕೋ ಮೊದಲು ಹಿರಿಯರನ್ನ ಒಂದು ಮಾತು ಕೇಳ್ರಿ. ಅವರು ಏನಂದ್ರು ಅಂತ ವಾಯ್ಸ್ ನೋಟ್ ಕಳಿಸ್ರಿ. ಪತ್ರ ಮಾತ್ರ ಕಳಿಸಬೇಡ್ರಿ. ಮುಂದಿನ ವಾರ ಸಿಗೋಣ.