ದುಡ್ಡು ಹೋಯ್ತು, ಪ್ಯಾಕ್ ಬರಲಿಲ್ಲ!

ರೀಚಾರ್ಜ್ ಮಾಡಿಸಿದಾಗ ಖಾತೆಯಿಂದ ದುಡ್ಡು ಹೋಗಿ, ಪ್ಯಾಕ್ ಮಾತ್ರ ಬಾರದಿದ್ದರೆ ಯಾರಿಗಾದರೂ ಸಿಟ್ಟು ಬರುತ್ತದೆ. ಎಂಜಿನಿಯರಿಂಗ್, ಬಿಸಿಎ, ಎಂಸಿಎ ಓದುತ್ತಿರುವವರು ಸಿಟ್ಟಿನ ಜೊತೆಗೆ ಒಂದು ಪ್ರಶ್ನೆಯನ್ನೂ ಕೇಳಿಕೊಳ್ಳಬೇಕು: ಎಡವಟ್ಟಾದದ್ದು ಎಲ್ಲಿ?

ಒಂದು ರೀಚಾರ್ಜ್ ಆಗಲು ಹಲವು ವ್ಯವಸ್ಥೆಗಳು ಕೈಜೋಡಿಸಬೇಕು. ಒಂದು ಗ್ರಾಹಕರ ವಿವರ ನೋಡುತ್ತದೆ, ಇನ್ನೊಂದು ಹಣ ಪಡೆಯುತ್ತದೆ, ಮತ್ತೊಂದು ಪ್ಯಾಕ್ ಚಾಲೂ ಮಾಡುತ್ತದೆ, ಮಗದೊಂದು ಎಸ್ಸೆಮ್ಮೆಸ್ ಕಳಿಸುತ್ತದೆ. ಇವನ್ನೆಲ್ಲ ಒಂದಕ್ಕೊಂದು ನೇರವಾಗಿ ಜೋಡಿಸುತ್ತಾ ಹೋದರೆ ಗಂಟು ಬಿಗಿಯಾಗುತ್ತದೆ. 10 ವ್ಯವಸ್ಥೆಗಳಲ್ಲಿ ಪ್ರತಿಯೊಂದನ್ನೂ ಉಳಿದೆಲ್ಲದಕ್ಕೂ ಜೋಡಿಸಿದರೆ 45 ಕೊಂಡಿಗಳಾಗುತ್ತವೆ. ಕಾಲರ್ ಟ್ಯೂನ್‌ನಂಥ ಹೊಸ ಸೇವೆ ತರಬೇಕೆಂದರೆ ಅದರಲ್ಲಿ ಎಷ್ಟನ್ನು ಬಿಚ್ಚಿ ಕಟ್ಟಬೇಕೋ!

ಇದಕ್ಕೆ ಕಂಡುಕೊಂಡ ದಾರಿಯೇ ಸರ್ವಿಸ್ ಓರಿಯೆಂಟೆಡ್ ಆರ್ಕಿಟೆಕ್ಚರ್, ಚಿಕ್ಕದಾಗಿ ಎಸ್‌ಒಎ. ಬೆಂಗಳೂರಿನ ದರ್ಶಿನಿ ಹೋಟೆಲ್ ನೆನಪಿಸಿಕೊಳ್ಳಿ. ದೋಸೆ ಹುಯ್ಯುವವರಿಗೆ ಕ್ಯಾಷ್ ಕೌಂಟರ್‌ನ ಲೆಕ್ಕ ಬೇಕಿಲ್ಲ, ಟೋಕನ್ ನೋಡಿದರೆ ಸಾಕು. ಹಾಗೆಯೇ ಎಸ್‌ಒಎಯಲ್ಲಿ ಬಿಲ್ಲಿಂಗ್, ಎಸ್ಸೆಮ್ಮೆಸ್, ಲೊಕೇಶನ್ ಒಂದೊಂದೂ ಒಂದು ಕೌಂಟರ್. ಏನು ಕೇಳಿದರೆ ಏನು ಸಿಗುತ್ತದೆ ಎಂಬ ಒಪ್ಪಂದ ಮೊದಲೇ ನಿಗದಿಯಾಗಿರುತ್ತದೆ. ಒಳಗಿನ ಕೋಡ್ ಬದಲಾದರೂ ಒಪ್ಪಂದ ಬದಲಾಗದಿದ್ದರೆ ಹೊರಗಿನವರಿಗೆ ತೊಂದರೆಯಿಲ್ಲ. ಇರುವ ಕೌಂಟರ್‌ಗಳನ್ನೇ ಹೊಸ ರೀತಿಯಲ್ಲಿ ಜೋಡಿಸಿದರೆ ಹೊಸ ಸೇವೆ ಸಿದ್ಧ.

ಕೌಂಟರ್‌ಗಳನ್ನು ಹೊರಗಿನವರಿಗೂ ತೆರೆದಾಗ ಇದರ ನಿಜವಾದ ಲಾಭ ಕಾಣುತ್ತದೆ. ಕೆನ್ಯಾದ ಸಫಾರಿಕಾಮ್ ಕಂಪನಿ 2007ರಲ್ಲಿ ಮೊಬೈಲ್‌ನಲ್ಲೇ ಹಣ ಕಳಿಸುವ ಎಂ-ಪೆಸಾ ಶುರು ಮಾಡಿತು. ಮುಂದೆ ‘ದರಾಜಾ’ ಎಂಬ ಎಪಿಐ ವೇದಿಕೆಯ ಮೂಲಕ ಹೊರಗಿನ ಡೆವಲಪರ್‌ಗಳೂ ತಮ್ಮ ಆ್ಯಪ್‌ಗೆ ಎಂ-ಪೆಸಾ ಪಾವತಿ ಜೋಡಿಸುವಂತಾಯಿತು. ಸ್ವಾಹಿಲಿಯಲ್ಲಿ ದರಾಜಾ ಎಂದರೆ ಸೇತುವೆ. 2023ರಲ್ಲಿ ಮೊಬೈಲ್ ಕಂಪನಿಗಳ ಜಾಗತಿಕ ಒಕ್ಕೂಟ ಜಿಎಸ್‌ಎಂಎ ‘ಓಪನ್ ಗೇಟ್‌ವೇ’ ಆರಂಭಿಸಿತು. ಯಾವ ಕಂಪನಿಯ ನೆಟ್‌ವರ್ಕ್ ಆದರೂ ಒಂದೇ ಬಗೆಯ ಎಪಿಐ ಇರಲಿ ಎಂಬುದು ಇದರ ಉದ್ದೇಶ. ‘ಈ ನಂಬರಿನ ಸಿಮ್ ಇತ್ತೀಚೆಗೆ ಬದಲಾಗಿದೆಯೇ?’ ಎಂದು ಬ್ಯಾಂಕ್ ಇದರ ಮೂಲಕ ಕೇಳಬಹುದು. ಸಿಮ್ ಕದ್ದು ಹಣ ದೋಚುವವರನ್ನು ತಡೆಯಲು ಇದು ನೆರವಾಗುತ್ತದೆ.

ಈಗ ಮೊದಲ ಪ್ರಶ್ನೆಗೆ ಬರೋಣ. ಹಣ ಪಡೆಯುವ ಸರ್ವಿಸ್ ತನ್ನ ಕೆಲಸ ಮುಗಿಸಿದೆ, ಪ್ಯಾಕ್ ಚಾಲೂ ಮಾಡುವ ಸರ್ವಿಸ್ ಉತ್ತರಿಸುತ್ತಿಲ್ಲ. ಮತ್ತೆ ಕೇಳಿದರೆ ಎರಡೆರಡು ಪ್ಯಾಕ್ ಬಂದುಬಿಟ್ಟರೆ? ಅದಕ್ಕೇ ಪ್ರತಿ ಕೋರಿಕೆಗೂ ಒಂದು ಪ್ರತ್ಯೇಕ ಸಂಖ್ಯೆ ಕೊಡುತ್ತಾರೆ. ಅದೇ ಸಂಖ್ಯೆ ಮತ್ತೆ ಬಂದರೆ, ಕೆಲಸ ಮೊದಲೇ ಆಗಿದ್ದ ಪಕ್ಷದಲ್ಲಿ ಸರ್ವಿಸ್ ಅದನ್ನು ಮತ್ತೆ ಮಾಡುವುದಿಲ್ಲ. ಎಷ್ಟು ಸಲ ಕೇಳಿದರೂ ಆಗದಿದ್ದರೆ ಹಣ ವಾಪಸ್ ಹೋಗಬೇಕು. ಸರ್ವಿಸ್‌ಗಳನ್ನು ಜೋಡಿಸುವುದು ಸುಲಭ, ನಡುವೆ ಒಂದು ಕೈಕೊಟ್ಟಾಗ ಗ್ರಾಹಕರ ದುಡ್ಡು ಕಾಯುವುದೇ ಕಷ್ಟ.

ಕೆಲಸ ಹುಡುಕುತ್ತಿರುವ ಗೆಳೆಯರೇ, ಇದನ್ನು ಕಲಿಯಲು ದುಬಾರಿ ಕೋರ್ಸ್ ಬೇಕಿಲ್ಲ. ನಿಮಗೆ ಬರುವ ಭಾಷೆಯಲ್ಲೇ ಎರಡು ಪುಟ್ಟ ಸರ್ವಿಸ್ ಬರೆಯಿರಿ. ಒಂದು ಬ್ಯಾಲೆನ್ಸ್ ಕಡಿತ ಮಾಡಲಿ, ಇನ್ನೊಂದು ಪ್ಯಾಕ್ ಕೊಡಲಿ. ಆಮೇಲೆ ಎರಡನೆಯದನ್ನು ಬೇಕೆಂದೇ ನಿಲ್ಲಿಸಿ, ದುಡ್ಡಿನ ಲೆಕ್ಕ ತಪ್ಪದಂತೆ ಮಾಡಿ. ಸಂದರ್ಶನದಲ್ಲಿ ‘ಜಾವಾ ಗೊತ್ತು’ ಎನ್ನುವವರು ಬೇಕಾದಷ್ಟು ಜನ ಇರುತ್ತಾರೆ. ‘ಸರ್ವಿಸ್ ಕೆಟ್ಟಾಗ ಹೀಗೆ ಸರಿಪಡಿಸಿದೆ’ ಎಂದು ತೋರಿಸಬಲ್ಲವರು ಅವರ ನಡುವೆ ಎದ್ದು ಕಾಣುತ್ತಾರೆ.