ಪಾಚಿಯಿಂದ ಮೊಬೈಲ್ ಚಾರ್ಜ್ ಆಗುತ್ತದೆಯೇ? ಎಲೆಕ್ಟ್ರಾನ್ ಓಟದ ಲೆಕ್ಕ ಹೇಳುವುದೇನು?

‘ವಿಜ್ಞಾನಿಗಳು ಪಾಚಿಯಿಂದ ಕಂಪ್ಯೂಟರ್ ನಡೆಸಿದ್ದಾರೆ, ಇನ್ನು ಮೊಬೈಲಿಗೂ ಕರೆಂಟ್ ಬೇಡ!’ ಇಂಥ ಸಂದೇಶ ನಿಮ್ಮ ವಾಟ್ಸಾಪ್ ಗುಂಪಿಗೆ ಬಂದರೆ ಏನು ಮಾಡುತ್ತೀರಿ? ಅದರ ಮೊದಲರ್ಧದಲ್ಲಿ ಹುರುಳಿದೆ, ಉಳಿದರ್ಧದಲ್ಲಿ ಇಲ್ಲ. ಯಾಕೆಂದು ನೋಡೋಣ.

ನಿಜವಾಗಿ ನಡೆದದ್ದೇನು?

2022ರಲ್ಲಿ ಕೇಂಬ್ರಿಜ್ ವಿಶ್ವವಿದ್ಯಾಲಯದ ಸಂಶೋಧಕರು ಎಎ ಬ್ಯಾಟರಿಯಷ್ಟು ದೊಡ್ಡ ಸಾಧನದಲ್ಲಿ ಸಿನೆಕೊಸಿಸ್ಟಿಸ್ ಎಂಬ ನೀಲಿ-ಹಸಿರು ಪಾಚಿ ಬೆಳೆಸಿ, ಅದರಿಂದ ಒಂದು ಪುಟ್ಟ ಚಿಪ್ಪನ್ನು 6 ತಿಂಗಳಿಗೂ ಹೆಚ್ಚು ಕಾಲ ನಡೆಸಿದ್ದನ್ನು ಪ್ರಕಟಿಸಿದರು. ಆ ಚಿಪ್ ಕೆಲಸ ಮಾಡುವಾಗ ಬಳಸಿದ್ದು ಸುಮಾರು 0.3 ಮೈಕ್ರೋವ್ಯಾಟ್. ಸಾಧಾರಣ ಮೊಬೈಲ್ ಚಾರ್ಜರ್ ಕೊಡುವುದು 10 ವ್ಯಾಟ್. ಭಾಗಿಸಿ ನೋಡಿ, ವ್ಯತ್ಯಾಸ 3 ಕೋಟಿ ಪಟ್ಟಿಗೂ ಹೆಚ್ಚು!

ಅಂದ ಹಾಗೆ, ಹೆಸರು ಪಾಚಿ ಎಂದಿದ್ದರೂ ಇದು ಸಯಾನೋಬ್ಯಾಕ್ಟೀರಿಯಾ ಎಂಬ ಬ್ಯಾಕ್ಟೀರಿಯಾ. ಔಷಧಿ ಅಂಗಡಿಯಲ್ಲಿ ಸಿಗುವ ಸ್ಪಿರುಲಿನಾ ಕೂಡ ಇದೇ ಬಳಗದ್ದು.

ಪಾಚಿಯೊಳಗೆ ಕರೆಂಟ್ ಎಲ್ಲಿಂದ?

ಗಿಡಗಳಂತೆ ಇವೂ ಬಿಸಿಲಿನಿಂದ ಆಹಾರ ತಯಾರಿಸುತ್ತವೆ. ಈ ಕೆಲಸ ಮಾಡುವ ಪ್ರೋಟೀನುಗಳಲ್ಲಿ ಒಂದರ ಹೆಸರು ಫೋಟೊಸಿಸ್ಟಮ್ 1. ಬಿಸಿನೀರ ಬುಗ್ಗೆಯಲ್ಲಿ ಬದುಕುವ ಒಂದು ಸಯಾನೋಬ್ಯಾಕ್ಟೀರಿಯಾದಿಂದ ಈ ಪ್ರೋಟೀನನ್ನು ತೆಗೆದು, ಅದರ ವಿವರವಾದ ರಚನೆಯನ್ನು 2001ರಲ್ಲಿ ಪ್ರಕಟಿಸಲಾಯಿತು. ಅದರ ಒಂದೊಂದು ಘಟಕದಲ್ಲೂ 96 ಕ್ಲೋರೋಫಿಲ್ ಅಣುಗಳಿವೆ. ಹೆಚ್ಚಿನವು ಬೆಳಕು ಹಿಡಿಯುವ ಆಂಟೆನಾ ಇದ್ದಂತೆ. ಹಿಡಿದ ಬೆಳಕಿನ ಶಕ್ತಿ ಕೊನೆಗೆ ‘ಪಿ700’ ಎಂಬ ಒಂದು ಕ್ಲೋರೋಫಿಲ್ ಜೋಡಿಗೆ ಸೇರುತ್ತದೆ. ಅಲ್ಲಿಂದ ಒಂದು ಎಲೆಕ್ಟ್ರಾನ್ ಹೊರಟು, ಮೆಟ್ಟಿಲಿನಿಂದ ಮೆಟ್ಟಿಲಿಗೆ ಜಿಗಿಯುತ್ತಾ ಪ್ರೋಟೀನಿನ ಇನ್ನೊಂದು ತುದಿ ಸೇರುತ್ತದೆ.

ಕಾಣದ ಎಲೆಕ್ಟ್ರಾನಿನ ವೇಗ ಅಳೆಯುವುದು ಹೇಗೆ?

ಎಲೆಕ್ಟ್ರಾನನ್ನು ಯಾರೂ ನೋಡುವುದಿಲ್ಲ. ನೋಡುವುದು ಬಣ್ಣವನ್ನು. ಪಿ700 ಜೋಡಿ 700 ನ್ಯಾನೊಮೀಟರ್ ಅಲೆಯುದ್ದದ ಕೆಂಪು ಬೆಳಕನ್ನು ಹೀರುತ್ತದೆ. ಎಲೆಕ್ಟ್ರಾನ್ ಕಳೆದುಕೊಂಡ ಕೂಡಲೇ ಆ ಹೀರುವಿಕೆ ತಗ್ಗುತ್ತದೆ. ಎಲೆಕ್ಟ್ರಾನ್ ಮತ್ತೆ ಸಿಕ್ಕಾಗ ಮೊದಲಿನಂತಾಗುತ್ತದೆ. ದಾರಿಯ ಬೇರೆ ಮೆಟ್ಟಿಲುಗಳಿಗೂ ಇಂಥದ್ದೇ ಬಣ್ಣದ ಗುರುತುಗಳಿವೆ.

ಹಾಗಾಗಿ ಪ್ರೋಟೀನ್ ದ್ರಾವಣಕ್ಕೆ ಮೊದಲು ಒಂದು ಲೇಸರ್ ಮಿಂಚು ಹೊಡೆಯುತ್ತಾರೆ. ಓಟ ಶುರುವಾಗುತ್ತದೆ. ಸ್ವಲ್ಪ ತಡವಾಗಿ ಇನ್ನೊಂದು ಮಂದ ಬೆಳಕು ಕಳಿಸಿ ಬಣ್ಣ ಎಷ್ಟು ಬದಲಾಗಿದೆ ಎಂದು ನೋಡುತ್ತಾರೆ. ಈ ತಡವನ್ನು ಬದಲಿಸುತ್ತಾ ಮತ್ತೆ ಮತ್ತೆ ಅಳೆದರೆ ಓಟದ ಪೂರ್ತಿ ಚಿತ್ರ ಸಿಗುತ್ತದೆ.

ಅತಿ ವೇಗದ ಹೆಜ್ಜೆಗಳನ್ನು ಹಿಡಿಯುವಷ್ಟು ಚುರುಕಾದ ಗಡಿಯಾರ ಎಲ್ಲಿಂದ ತರುವುದು? ಬೆಳಕೇ ಗಡಿಯಾರ. ಒಂದು ಪಿಕೋಸೆಕೆಂಡಿನಲ್ಲಿ, ಅಂದರೆ ಸೆಕೆಂಡಿನ ಲಕ್ಷ ಕೋಟಿಯ ಒಂದು ಭಾಗದಲ್ಲಿ, ಬೆಳಕು ಸಾಗುವುದು ಸುಮಾರು 0.3 ಮಿಲಿಮೀಟರ್. ಕನ್ನಡಿಗಳನ್ನು ಸರಿಸಿ ಎರಡನೆಯ ಬೆಳಕಿನ ದಾರಿಯನ್ನು 3 ಮಿಲಿಮೀಟರ್ ಉದ್ದ ಮಾಡಿದರೆ ಅದು 10 ಪಿಕೋಸೆಕೆಂಡ್ ತಡವಾಗಿ ಬರುತ್ತದೆ!

ಅಳೆದಾಗ ಕಂಡದ್ದೇನು?

ಪಿ700ನಿಂದ ಎಲೆಕ್ಟ್ರಾನ್ ಹೊರಡುವುದು ಕೆಲವು ಹತ್ತು ಪಿಕೋಸೆಕೆಂಡುಗಳಲ್ಲಿ. ಕೊನೆಯ ಮೆಟ್ಟಿಲು ಮುಟ್ಟಲು ಸೆಕೆಂಡಿನ 10 ಲಕ್ಷದ ಒಂದು ಭಾಗದಷ್ಟು ಸಮಯ ಸಾಕು. ಅಲ್ಲಿ ಯಾರೂ ಅದನ್ನು ತೆಗೆದುಕೊಳ್ಳದಿದ್ದರೆ ವಾಪಸ್ ಬರಲು ಸುಮಾರು ಸೆಕೆಂಡಿನ ಹತ್ತನೇ ಒಂದು ಭಾಗ ಬೇಕು. ಅಂದರೆ ಹೋಗುವ ವೇಗ ವಾಪಸ್ ಬರುವ ವೇಗಕ್ಕಿಂತ ಲಕ್ಷ ಪಟ್ಟಿನ ಆಸುಪಾಸು ಹೆಚ್ಚು. ಹಿಡಿದ ಬೆಳಕು ವ್ಯರ್ಥವಾಗದೆ ಇರುವ ಗುಟ್ಟು ಇದೇ.

ಇಷ್ಟು ವೇಗವಿದ್ದೂ ಕರೆಂಟ್ ಯಾಕೆ ಕಮ್ಮಿ?

ವೇಗ ಬೇರೆ, ಪ್ರಮಾಣ ಬೇರೆ. ಪ್ರೋಟೀನಿನೊಳಗಿನ ಓಟ ಕೆಲವೇ ನ್ಯಾನೊಮೀಟರ್ ದೂರದ್ದು, ಒಂದು ಬೆಳಕಿನ ಕಣಕ್ಕೆ ಹೊರಡುವುದು ಒಂದೇ ಎಲೆಕ್ಟ್ರಾನ್. ಅದನ್ನೂ ಪಾಚಿ ತನ್ನ ಆಹಾರ ತಯಾರಿಸಲು ಬಳಸಿಕೊಳ್ಳುತ್ತದೆ. ಜೀವಕೋಶದ ಗೋಡೆ ದಾಟಿ ತಂತಿಗೆ ಬರುವುದು ಅಳಿದುಳಿದದ್ದು ಮಾತ್ರ. ಹೈವೇಯಲ್ಲಿ ಹಾರಿಬಂದ ಕಾರುಗಳು ಟೋಲ್ ಗೇಟಿನಲ್ಲಿ ಸಾಲುಗಟ್ಟಿದ ಹಾಗೆ. ಕೇಂಬ್ರಿಜ್ ಪ್ರಯೋಗದಲ್ಲೂ ಅಲ್ಯೂಮಿನಿಯಂ ಎಲೆಕ್ಟ್ರೋಡ್ ಸವೆದು ಒಂದಿಷ್ಟು ಕರೆಂಟ್ ಕೊಟ್ಟಿತೇ ಎಂಬ ಪ್ರಶ್ನೆ ಇತ್ತು. ಅದು ಹೆಚ್ಚು ಸವೆಯದ ಕಾರಣ, ಬಹುಪಾಲು ಪಾಚಿಯದ್ದೇ ಎಂದು ಸಂಶೋಧಕರು ಭಾವಿಸಿದರು.

ಫಾರ್ವರ್ಡ್ ಮಾಡುವ ಮುನ್ನ

ಪಾಚಿಯಿಂದ ಚಿಪ್ ನಡೆದದ್ದು ನಿಜ. ಮೊಬೈಲ್ ಚಾರ್ಜ್ ಆಗುತ್ತದೆ ಎನ್ನುವುದು ಈಗಿನ ಮಟ್ಟಿಗೆ ಸುಳ್ಳು. ತೀರಾ ಕಡಿಮೆ ವಿದ್ಯುತ್ ಸಾಕಾಗುವ ಸಣ್ಣ ಸೆನ್ಸರ್‌ಗಳಿಗೆ ಮುಂದೊಂದು ದಿನ ಇದು ನೆರವಾಗಬಹುದು. ‘ಪಾಚಿ ಚಾರ್ಜರ್’ ಮಾರಾಟಕ್ಕಿದೆ, ಮುಂಗಡ ಕಟ್ಟಿ ಎಂದು ಯಾರಾದರೂ ಲಿಂಕ್ ಕಳಿಸಿದರೆ ಒಂದೇ ಪ್ರಶ್ನೆ ಕೇಳಿ: ಎಷ್ಟು ವ್ಯಾಟ್?