ಕುರ್ಚಿಯ ಕಾಲು ನೋಡುವ ಹವ್ಯಾಸ

ಕ್ರಿ.ಪೂ. 90ರಲ್ಲಿ ರೋಮ್ ತನ್ನ ಇಟಲಿಯ ಮಿತ್ರರೊಡನೆಯೇ ಯುದ್ಧಕ್ಕಿಳಿದಿತ್ತು. ಸೈನಿಕರ ಸಂಬಳಕ್ಕೆ ಬೆಳ್ಳಿ ನಾಣ್ಯ ಬೇಕಿತ್ತು, ಅದೂ ರಾಶಿಗಟ್ಟಲೆ. ಆಗ ಟಂಕಸಾಲೆ ನೋಡಿಕೊಳ್ಳುತ್ತಿದ್ದ ಲೂಸಿಯಸ್ ಕಲ್ಪುರ್ನಿಯಸ್ ಪೀಸೊ ಫ್ರೂಜಿಯ ಹೆಸರಿನಲ್ಲಿ ಹೊರಬಿದ್ದ ಡಿನೇರಿಯಸ್ ನಾಣ್ಯಗಳು ಇಂದಿಗೂ ಹರಾಜು ಪಟ್ಟಿಗಳಲ್ಲಿ ಸಿಗುತ್ತಲೇ ಇರುತ್ತವೆ. ಒಂದು ಮುಖದಲ್ಲಿ ಅಪೊಲೊ ದೇವರ ತಲೆ, ಇನ್ನೊಂದರಲ್ಲಿ ನಾಗಾಲೋಟದ ಕುದುರೆ ಸವಾರ. ಸಾಮಾನ್ಯ ನಾಣ್ಯ, ದೊಡ್ಡ ಬೆಲೆಯೂ ಇಲ್ಲ. ಆದರೆ ಸವಾರನ ಕೈಯಲ್ಲಿ ಒಮ್ಮೆ ತಾಳೆಗರಿ, ಒಮ್ಮೆ ಪಂಜು, ಒಮ್ಮೆ ಚಾಟಿ. ಅಪೊಲೊನ ತಲೆಯ ಹಿಂದೆ ಅಕ್ಷರ, ಅಂಕಿ, ಪುಟ್ಟ ಚಿತ್ರ, ಹೀಗೆ ನೂರಾರು ಬಗೆ. ‘ನನ್ನ ಬಳಿ ಪೀಸೊ ಇದೆ’ ಎಂದರೆ ಈ ಹವ್ಯಾಸದವರಿಗೆ ಏನನ್ನೂ ಹೇಳಿದಂತಾಗುವುದಿಲ್ಲ. ‘ಯಾವ ಗುರುತಿನದು?’ ಎಂಬಲ್ಲಿಂದ ಮಾತು ಶುರುವಾಗುತ್ತದೆ.

ಡಿನೇರಿಯಸ್ ಹುಟ್ಟಿದ್ದೂ ಯುದ್ಧದಲ್ಲೇ. ಶತ್ರು ಸೇನಾನಿ ಹ್ಯಾನಿಬಲ್ ಇಟಲಿಯನ್ನು ತುಳಿಯುತ್ತಿದ್ದಾಗ, ಕ್ರಿ.ಪೂ. 211ರ ಸುಮಾರಿಗೆ, ರೋಮ್ ಇದನ್ನು ಚಲಾವಣೆಗೆ ತಂದಿತು. ಮೊದಲು ನಾಲ್ಕೂವರೆ ಗ್ರಾಂ ಇದ್ದದ್ದು ಬೇಗನೆ ನಾಲ್ಕು ಗ್ರಾಮಿನೊಳಗೆ ಇಳಿಯಿತು. ಒಂದೊಂದನ್ನೂ ಎರಡು ಅಚ್ಚುಗಳ ನಡುವೆ ಇಟ್ಟು ಸುತ್ತಿಗೆಯಿಂದ ಹೊಡೆಯುತ್ತಿದ್ದರು. ಅಚ್ಚನ್ನು ಕೊರೆಯುತ್ತಿದ್ದುದು ಕೈಯಿಂದ. ಅಚ್ಚು ಸವೆದರೆ ಹೊಸದು ಕೊರೆಯಬೇಕು, ಹೊಸದು ಹಳೆಯದರ ಪಡಿಯಚ್ಚಾಗಿರುವುದಿಲ್ಲ. ಬಗೆಗಳು ಹುಟ್ಟುವುದು ಹೀಗೆ.

ಕೆಲವು ಬಗೆಗಳನ್ನಂತೂ ಬೇಕೆಂದೇ ಹುಟ್ಟಿಸಿದರು. ಕ್ರಿ.ಪೂ. 82ರಲ್ಲಿ ಟಂಕಸಾಲೆ ನೋಡಿಕೊಳ್ಳುತ್ತಿದ್ದ ಪಬ್ಲಿಯಸ್ ಕ್ರೆಪೂಸಿಯಸ್ ಹಿಂಬದಿಯ ಅಚ್ಚುಗಳಿಗೆ ಕ್ರಮಸಂಖ್ಯೆಯನ್ನೇ ಹಾಕಿಸಿದ. ಆ ಸಂಖ್ಯೆ 500 ದಾಟುತ್ತದೆ. ಆಮೇಲೆ ಬಂದ ಪಾಪಿಯಸ್ ಮತ್ತು ರೋಸ್ಕಿಯಸ್ ನಾಣ್ಯಗಳಲ್ಲಿ ಎರಡೂ ಮುಖಕ್ಕೆ ಜೋಡಿ ಚಿಹ್ನೆಗಳು: ಮನೆಬಳಕೆಯ ಸಾಮಾನು, ಕಸುಬಿನ ಉಪಕರಣ, ಪ್ರಾಣಿ, ಪಾತ್ರೆ. ಪ್ರತಿಯೊಂದರಲ್ಲೂ 200ಕ್ಕೂ ಹೆಚ್ಚು ಜೋಡಿಗಳಿವೆ. ಟಂಕಸಾಲೆಯ ಲೆಕ್ಕ ತಪ್ಪದಿರಲಿ ಎಂದು ಹೀಗೆ ಮಾಡಿರಬೇಕೆಂಬುದು ವಿದ್ವಾಂಸರ ಊಹೆ. ಎರಡು ಸಾವಿರ ವರ್ಷದ ಹಿಂದಿನ ಗುಮಾಸ್ತನ ಎಚ್ಚರಿಕೆ ಇಂದಿನ ಸಂಗ್ರಾಹಕನ ನಿದ್ದೆ ಕೆಡಿಸುತ್ತಿದೆ, ಅಷ್ಟೆ.

ಈ ಕಾಡಿನಲ್ಲಿ ದಾರಿ ತೋರಿಸುವುದು ಮೈಕೆಲ್ ಕ್ರಾಫರ್ಡ್ 1974ರಲ್ಲಿ ಪ್ರಕಟಿಸಿದ ಗಣರಾಜ್ಯ ಕಾಲದ ನಾಣ್ಯಗಳ ಗ್ರಂಥ. ಹರಾಜಿನವರು, ಮ್ಯೂಸಿಯಮ್ಮಿನವರು, ಸಂಗ್ರಾಹಕರು ಎಲ್ಲರೂ ಅವರ ಸಂಖ್ಯೆಗಳಲ್ಲೇ ಮಾತಾಡುತ್ತಾರೆ. ಅದರಲ್ಲಿ ಇಲ್ಲದ ಗುರುತು ಸಿಕ್ಕಿದರೆ ಹಬ್ಬ. ಮಾರುವವನು ಗಮನಿಸದೆ ಮಾಮೂಲಿ ಬೆಲೆಗೆ ಕೊಟ್ಟುಬಿಟ್ಟರಂತೂ ಎರಡು ಹಬ್ಬ. ಜೇಬಿಗಿಂತ ಕಣ್ಣು ಮುಖ್ಯವಾಗುವ ಸಂಗ್ರಹ ಇದು. ಅದಕ್ಕೇ ನನಗೆ ಚಿನ್ನದ ನಾಣ್ಯಗಳ ಅಬ್ಬರಕ್ಕಿಂತ ಇದು ಹೆಚ್ಚು ಇಷ್ಟ.

ರೋಮನ್ ಸೇನಾನಿ ಮಾರ್ಕ್ ಆಂಟನಿಯ ನಾಣ್ಯಗಳದ್ದು ಇನ್ನೊಂದು ಕಥೆ. ಕ್ರಿ.ಪೂ. 32-31ರಲ್ಲಿ, ಆಕ್ಟಿಯಂ ಕದನಕ್ಕೆ ಮುನ್ನ, ಅವನು ತನ್ನ ಸೇನಾದಳಗಳ ಸಂಖ್ಯೆ ಹಾಕಿಸಿ ನಾಣ್ಯ ಹೊಡೆಸಿದ. ಒಂದು ಕಡೆ ಹಡಗು, ಇನ್ನೊಂದು ಕಡೆ ಹದ್ದಿನ ಧ್ವಜ. ಎರಡರಿಂದ ಇಪ್ಪತ್ತಮೂರರವರೆಗಿನ ದಳಗಳದ್ದು ಸಿಗುತ್ತವೆ, ಮೊದಲನೆಯದ್ದು ಬಲು ಅಪರೂಪ. ಇಪ್ಪತ್ತಮೂರಕ್ಕಿಂತ ಹೆಚ್ಚಿನ ಸಂಖ್ಯೆ ಕಂಡರೆ ಮೊದಲು ಅನುಮಾನಿಸಬೇಕು. ನಾಲ್ಕನ್ನು ನಾಲ್ಕು ಗೆರೆ ಎಳೆದು ಬರೆದದ್ದುಂಟು, ಐದರಿಂದ ಒಂದು ಕಳೆದು ಬರೆದದ್ದೂ ಉಂಟು. ಎರಡೂ ಬೇಕು! ಬೆಳ್ಳಿ ಕಳಪೆಯಾದ್ದರಿಂದ ಜನ ಇವನ್ನು ಕೂಡಿಡದೆ ಖರ್ಚು ಮಾಡಿದರು. ಹಾಗಾಗಿ ಇವು ಎರಡು ಶತಮಾನಕ್ಕೂ ಹೆಚ್ಚು ಕಾಲ ಕೈಯಿಂದ ಕೈಗೆ ಓಡಾಡಿದವು. ಇಂದು ಸಿಗುವ ಬಹಳಷ್ಟರಲ್ಲಿ ಅಂಕಿ ಓದಲಾಗದಷ್ಟು ಸವೆತ.

ನಮಗೆ ಹತ್ತಿರದವನು ಕ್ರಿ.ಶ. 14ರಿಂದ 37ರವರೆಗೆ ಆಳಿದ ರೋಮನ್ ಚಕ್ರವರ್ತಿ ಟೈಬೀರಿಯಸ್. ಅವನ ಬೆಳ್ಳಿಯ ಬಹುಪಾಲು ಒಂದೇ ಚಿತ್ರದ್ದು: ಕುರ್ಚಿಯಲ್ಲಿ ಕುಳಿತ ಹೆಂಗಸು. ಬೇಸರ ತರಿಸುವ ಈ ನಾಣ್ಯದಲ್ಲೂ ಪರಿಣತರು ಕುರ್ಚಿಯ ಕಾಲು ಸಾದಾ ಇದೆಯೇ, ಕೆತ್ತನೆಯದೇ, ಕೆಳಗೆ ಗೆರೆ ಒಂದೋ ಎರಡೋ ಎಂದು ನೋಡಿ ಬಗೆ ಹೇಳುತ್ತಾರೆ. ನಾಲ್ಕು ಕುದುರೆಗಳ ರಥವಿರುವ ಅವನ ಇನ್ನೊಂದು ಬೆಳ್ಳಿ ನಾಣ್ಯ ಇದಕ್ಕಿಂತ ವಿರಳ. ದಕ್ಷಿಣ ಭಾರತದ ನಿಧಿಗಳಲ್ಲಿ ಅತಿ ಹೆಚ್ಚು ಸಿಗುವ ರೋಮನ್ ಬೆಳ್ಳಿಯೂ ಈ ಕುರ್ಚಿಯದೇ, ಜೊತೆಗೆ ಅವನಿಗೆ ಮುನ್ನ ಆಳಿದ ಅಗಸ್ಟಸ್ ತನ್ನ ಮೊಮ್ಮಕ್ಕಳಾದ ಗಾಯಸ್-ಲೂಸಿಯಸ್‌ರನ್ನು ನಿಲ್ಲಿಸಿ ಹೊಡೆಸಿದ್ದು. ಬೆಂಗಳೂರಿನ ಯಶವಂತಪುರದಲ್ಲಿ 1891ರಲ್ಲಿ 163 ಡಿನೇರಿಯಸ್‌ಗಳು ಸಿಕ್ಕವು, 1965ರಲ್ಲಿ ಎಚ್‌ಎಎಲ್ ಬಳಿ 256. ಚಿತ್ರದುರ್ಗದ ಚಂದ್ರವಳ್ಳಿಯಲ್ಲೂ ರೋಮನ್ ಬೆಳ್ಳಿ ಸಿಕ್ಕಿದೆ. ಕ್ರಿ.ಶ. 64ರಲ್ಲಿ ಚಕ್ರವರ್ತಿ ನೀರೊ ನಾಣ್ಯದ ತೂಕವನ್ನೂ ಬೆಳ್ಳಿಯನ್ನೂ ಇಳಿಸಿದ. ಆಮೇಲಿನ ಬೆಳ್ಳಿ ನಮ್ಮ ಕಡೆ ಬಹಳ ಕಡಿಮೆ. ಒಳ್ಳೆಯ ಲೋಹ ಯಾವುದೆಂದು ನಮ್ಮ ವರ್ತಕರಿಗೆ ಚೆನ್ನಾಗಿಯೇ ಗೊತ್ತಿತ್ತು.

ಹೊಸಬರು ಮೊದಲು ಕಲಿಯಬೇಕಾದದ್ದು ನಕಲಿಯನ್ನು ಗುರುತಿಸುವುದನ್ನು. ತಾಮ್ರಕ್ಕೆ ಬೆಳ್ಳಿ ತೊಡಿಸಿದ ನಾಣ್ಯಗಳು ರೋಮಿನ ಕಾಲದಲ್ಲೇ ಇದ್ದವು. ಅವನ್ನು ಬೇಕೆಂದೇ ಕೂಡಿಸುವವರೂ ಇದ್ದಾರೆ. ಅಪಾಯ ಇರುವುದು ಇಂದಿನ ಎರಕದವುಗಳಲ್ಲಿ. ಎರಡನೆಯದು, ಬಂದ ದಾರಿಯ ದಾಖಲೆ. ಸೀಸರ್‌ನನ್ನು ಕೊಂದ ಬ್ರೂಟಸ್ ಆ ಕೊಲೆಯನ್ನು ಸಾರಿ ಹೊಡೆಸಿದ, ಎರಡು ಕಠಾರಿಗಳಿರುವ ನಾಣ್ಯದ ಚಿನ್ನದ ಪ್ರತಿಯೊಂದು 2020ರಲ್ಲಿ ಲಂಡನ್ನಿನಲ್ಲಿ 30 ಲಕ್ಷ ಪೌಂಡಿಗೂ ಮೀರಿ ಹೋಯಿತು. ದಾಖಲೆ ಸುಳ್ಳೆಂದು ಗೊತ್ತಾಗಿ 2023ರಲ್ಲಿ ಅದನ್ನು ಗ್ರೀಸಿಗೆ ಮರಳಿಸಬೇಕಾಯಿತು.

ನಮ್ಮಲ್ಲಿ ನೆಲದಡಿ ಸಿಕ್ಕ ನಿಧಿ ತಾನಾಗಿ ಸಿಕ್ಕವನ ಸ್ವತ್ತಾಗುವುದಿಲ್ಲ, ಕಾನೂನು ಪ್ರಕಾರ ಅಧಿಕಾರಿಗಳಿಗೆ ತಿಳಿಸಲೇಬೇಕು. ಪಾಯ ತೋಡುವಾಗಲೋ ಹೊಲ ಉಳುವಾಗಲೋ ಹಳೆಯ ಬೆಳ್ಳಿ ಕಂಡರೆ ಹುಣಸೆಹಣ್ಣು ಹಚ್ಚಿ ತಿಕ್ಕಬೇಡಿ, ನೆಂಟರಿಗೆ ಒಂದೊಂದು ಹಂಚಲೂ ಬೇಡಿ. ಸಿಕ್ಕ ಗಡಿಗೆಯ ಸಮೇತ ಹಾಗೇ ಇಟ್ಟು ಜಿಲ್ಲಾಧಿಕಾರಿಗೆ ಅಥವಾ ಪುರಾತತ್ವ ಇಲಾಖೆಗೆ ತಿಳಿಸಿ. ನೂರು ನಾಣ್ಯ ಒಟ್ಟಿಗೆ ಇದ್ದರೆ ಮಾತ್ರ ಅದರಲ್ಲಿ ಯಾವ ಬಗೆ ಎಷ್ಟು ಎಂಬ ಲೆಕ್ಕ ಸಿಗುತ್ತದೆ.